ಶೇಂಗಾ ಬೇರಿನಲ್ಲಿ ಗಂಟುಗಳಿವೆ, ಇದು ರೋಗವೇ?

ಅಲ್ಲ, ಬಹುಪಾಲು ಇದು ಒಳ್ಳೆಯ ಲಕ್ಷಣ. ಆ ಗಂಟುಗಳಲ್ಲಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಇರುತ್ತವೆ. ಗಾಳಿಯಲ್ಲಿ ಶೇಕಡ 78ರಷ್ಟಿರುವ ಸಾರಜನಕವನ್ನು ಗಿಡ ನೇರವಾಗಿ ಬಳಸಲಾರದು. ಇವು ಅದನ್ನು ಅಮೋನಿಯಾ ಮಾಡಿ ಗಿಡಕ್ಕೆ ಕೊಡುತ್ತವೆ, ಬದಲಿಗೆ ಸಕ್ಕರೆ ಪಡೆಯುತ್ತವೆ. ಚಳ್ಳಕೆರೆ ಕಡೆಯ ಸಾವಯವ ಅಂಶ ಕಡಿಮೆಯಿರುವ ಕೆಂಪು ಮರಳು ಮಣ್ಣಿಗೆ ಇದು ದೊಡ್ಡ ಆಸರೆ.

ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಹತ್ತಿರದ ಸಂಬಂಧಿಯಾದ ಒಂದು ಪ್ರೋಟೀನ್ ಆಮ್ಲಜನಕವನ್ನು ಹಿಡಿದು ಹದದಲ್ಲಿಡುತ್ತದೆ. ಬಣ್ಣ ಅದರದೇ. ಹಸಿರು ಅಥವಾ ಕಂದು ಇದ್ದರೆ ಗಂಟು ಮುದಿಯಾಗಿದೆ.

ಬೇರಿಗೆ ರೋಗ ತರುವ ಜಂತುಹುಳುವಿನ (ನೆಮಟೋಡ್) ಗಂಟು ಬೇರೆ: ಅಲ್ಲಿ ಬೇರೇ ಊದಿಕೊಂಡಿರುತ್ತದೆ, ಬಿಡಿಸಲು ಬರುವುದಿಲ್ಲ. ರೈಜೋಬಿಯಂ ಗಂಟು ಬೇರಿನ ಪಕ್ಕದಲ್ಲಿದ್ದು ಸುಲಭವಾಗಿ ಕಳಚುತ್ತದೆ.

ಗಂಟು ಕಡಿಮೆಯಿದ್ದರೆ ಮುಂದಿನ ಬಿತ್ತನೆಯಲ್ಲಿ 10 ಕಿಲೋ ಬೀಜಕ್ಕೆ 200 ಗ್ರಾಂ ರೈಜೋಬಿಯಂ ಪುಡಿಯನ್ನು ತಣಿದ ಬೆಲ್ಲದ ನೀರಿನಲ್ಲಿ ಕಲಸಿ, ಸಿಪ್ಪೆ ಕೀಳದಂತೆ ಮೃದುವಾಗಿ ಲೇಪಿಸಿ. ನೆರಳಲ್ಲಿ ಆರಿಸಿ, ಅಂದೇ ಬಿತ್ತಿ. ಬಿಸಿಲಿಗೆ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಶಿಲೀಂಧ್ರನಾಶಕದ ಜೊತೆ ಒಟ್ಟಿಗೆ ಕಲಸಿದರೂ ಅಷ್ಟೇ. ಪೊಟ್ಟಣ ಶೇಂಗಾದ್ದೇ ಆಗಿರಲಿ, ಕಡಲೆಕಾಳಿನದು ಇದಕ್ಕೆ ಹೊಂದುವುದಿಲ್ಲ. ಯೂರಿಯಾ ಹೆಚ್ಚು ಸುರಿಯಬೇಡಿ: ಮಣ್ಣಲ್ಲೇ ಸಾರಜನಕ ಸಿಕ್ಕರೆ ಗಿಡ ಗಂಟು ಕಟ್ಟಲು ಸಕ್ಕರೆ ಖರ್ಚು ಮಾಡುವುದಿಲ್ಲ.