ಕುದುರೆಯ ಮೇವು, ಮನುಷ್ಯರ ಊಟ

ಓದುಗರ ಪತ್ರ

ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಪ್ರವಾಸ ಲೇಖನ ಓದಿದೆ. ಕುರಿಯ ಹೊಟ್ಟೆಯ ಚೀಲದಲ್ಲಿ ಅದರದೇ ಗುಂಡಿಗೆ, ಶ್ವಾಸಕೋಶ ತುಂಬಿ ಬೇಯಿಸಿದ ಹ್ಯಾಗಿಸ್‌ಗೆ ಅಲ್ಲಿ ರಾಷ್ಟ್ರೀಯ ಖಾದ್ಯದ ಪಟ್ಟವಂತೆ. ಅವರ ಗಂಡಸರು ಉಡುವ ಲಂಗದಂಥ ಕಿಲ್ಟ್ ಇಂಗ್ಲೆಂಡಿನವನೊಬ್ಬನ ಕೊಡುಗೆ ಎಂದೂ ಓದಿದ್ದೇನೆ. ಅಡುಗೆಯೇ ಗೊತ್ತಿಲ್ಲದ ಜನ ಅಡುಗೆಯಿಂದ ರಾಷ್ಟ್ರ ಕಟ್ಟುತ್ತೇವೆ ಎಂದರೆ ನಗು ಬರುತ್ತದೆ. ರಾಷ್ಟ್ರ ಹುಟ್ಟುವುದು ಭಾಷೆ, ಸಾಹಿತ್ಯಗಳಿಂದ, ತಪ್ಪಲೆಯಿಂದಲ್ಲ. ಡಾಕ್ಟರ ಬಲವಂತಕ್ಕೆ ದಿನವೂ ಓಟ್ಸ್ ಗಂಜಿ ಕುಡಿಯುವ ನನಗೆ ಆ ಧಾನ್ಯದ ಯೋಗ್ಯತೆ ಚೆನ್ನಾಗಿ ಗೊತ್ತು. ಕೊನೆಗೊಂದು ಪ್ರಶ್ನೆ: ಎಡಿನ್‌ಬರೋದಲ್ಲಿರುವ ನನ್ನ ಮಗಳು ಅಲ್ಲಿ ಸಸ್ಯಾಹಾರಿ ಹ್ಯಾಗಿಸ್ ಸಿಗುತ್ತದೆ ಎನ್ನುತ್ತಾಳೆ. ನಿಜವೇ, ಇಲ್ಲ ನನ್ನನ್ನು ಏಮಾರಿಸುತ್ತಿದ್ದಾಳೆಯೇ?
ನಿವೃತ್ತ ಅಧ್ಯಾಪಕರು, ತುಮಕೂರು

ಸಂಪಾದಕರ ಉತ್ತರ

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಗಿಡ್ಡ ಕಿಲ್ಟನ್ನು 18ನೆಯ ಶತಮಾನದಲ್ಲಿ ಲ್ಯಾಂಕಾಷೈರಿನ ಕಬ್ಬಿಣದ ವ್ಯಾಪಾರಿ ಥಾಮಸ್ ರಾಲಿನ್‌ಸನ್ ತನ್ನ ಕೆಲಸಗಾರರಿಗಾಗಿ ಹೊಲಿಸಿದ ಎಂಬ ವಾದವಿದೆ. ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1983ರಲ್ಲಿ ಅದನ್ನು ಸಾಕಷ್ಟು ರಂಜನೆಯಿಂದಲೇ ಮಂಡಿಸಿದ. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಕ್ಕೆ ಬಂದಾಗ ಇಡೀ ಮೆರವಣಿಗೆಯ ಸೂತ್ರಧಾರನಾಗಿದ್ದವನು ಕಾದಂಬರಿಕಾರ ವಾಲ್ಟರ್ ಸ್ಕಾಟ್. ಸ್ಥೂಲಕಾಯದ ದೊರೆ ಕಿಲ್ಟ್ ತೊಟ್ಟು, ಬರಿಗಾಲು ಕಾಣಬಾರದೆಂದು ಮೈಬಣ್ಣದ ಕಾಲುಚೀಲ ಏರಿಸಿಕೊಂಡು ನಿಂತ. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಅದೇ ನಾಡಿನ ಉತ್ತರಕ್ಕೆ, ಸದರ್ಲೆಂಡಿನಲ್ಲಿ, ಕುರಿ ಸಾಕಣೆಗೆ ಜಾಗ ಬೇಕೆಂದು ಜಮೀನ್ದಾರರು ಒಕ್ಕಲುಗಳ ಮನೆಗಳಿಗೆ ಬೆಂಕಿಯಿಟ್ಟು ಜನರನ್ನು ಹೊರಹಾಕಿದ್ದರು. ಜನರನ್ನು ಓಡಿಸಿ ಅವರ ಬಟ್ಟೆಯನ್ನು ಉಟ್ಟು ಮೆರೆಯುವುದು ಎಲ್ಲ ಕಾಲದ ದೊಡ್ಡವರಿಗೂ ಬಂದ ವಿದ್ಯೆ. ಹ್ಯಾಗಿಸ್ ಕೂಡ ಸ್ಕಾಟರ ಸ್ವಂತ ಆಸ್ತಿಯಲ್ಲ. 1615ರಲ್ಲೇ ಜರ್ವೇಸ್ ಮಾರ್ಕಂ ಎಂಬ ಇಂಗ್ಲಿಷ್ ಬರಹಗಾರ ಇಂಗ್ಲೆಂಡಿನ ಗೃಹಿಣಿಯರ ಅಡುಗೆಗಳ ನಡುವೆ ಅದನ್ನು ಹೆಸರಿಸಿದ್ದಾನೆ.

ಇಷ್ಟು ಒಪ್ಪಿದೆ. ಆದರೆ ನೀವು ರಂಗಸಜ್ಜಿಕೆ ನೋಡಿ ನಾಟಕವೇ ಸುಳ್ಳು ಎಂದು ಎದ್ದುಬಂದಿದ್ದೀರಿ. ಆ ಕುರಿಯ ಚೀಲದೊಳಗೆ ಮಾಂಸದ ಜೊತೆಗೆ ಇರುವುದು ಓಟ್ಸ್, ಅದನ್ನು ಯಾವ ಕಾದಂಬರಿಕಾರನೂ ಕಲ್ಪಿಸಲಿಲ್ಲ.

1327ರಲ್ಲಿ ಸ್ಕಾಟರ ಸೈನ್ಯ ಇಂಗ್ಲೆಂಡಿನ ಉತ್ತರ ಗಡಿ ದಾಟಿ ಬಂದಿತ್ತು. ಆ ಯುದ್ಧದಲ್ಲಿ ಇಂಗ್ಲಿಷರ ಕಡೆ ಇದ್ದ ಝಾನ್ ಲ ಬೆಲ್ ಎಂಬವನು ಬರೆದಿಟ್ಟದ್ದನ್ನು ಮುಂದೆ ಫ್ರೆಂಚ್ ಭಾಷೆಯ ಚರಿತ್ರೆಕಾರ ಫ್ರಾಸಾರ್ ತನ್ನ ವೃತ್ತಾಂತದಲ್ಲಿ ಸೇರಿಸಿಕೊಂಡ. ಸ್ಕಾಟರ ಹಿಂದೆ ಸಾಮಾನಿನ ಬಂಡಿಗಳೇ ಇರಲಿಲ್ಲವಂತೆ. ಒಬ್ಬೊಬ್ಬ ಸವಾರನ ಜೀನಿನ ಅಡಿಯಲ್ಲಿ ಒಂದು ಅಗಲವಾದ ಲೋಹದ ತಟ್ಟೆ, ಬೆನ್ನ ಹಿಂದೆ ಒಂದು ಚೀಲ ಓಟ್ಸ್ ಹಿಟ್ಟು. ಹಸಿವಾದಲ್ಲಿ ಇಳಿದು, ಬೆಂಕಿ ಹೊತ್ತಿಸಿ, ಹಿಟ್ಟು ಕಲೆಸಿ, ರೊಟ್ಟಿ ಸುಟ್ಟುಕೊಂಡು ಮತ್ತೆ ಹತ್ತುವುದು. ಇತ್ತ ಇಂಗ್ಲಿಷ್ ಸೈನಿಕರು ಮಳೆಯಲ್ಲಿ ನೆನೆಯುತ್ತ, ಕುದುರೆಯ ಬೆವರಿಗೆ ಒದ್ದೆಯಾದ ಬ್ರೆಡ್ಡು ತಿನ್ನುತ್ತ ಆ ವೈರಿಯನ್ನು ಹುಡುಕುತ್ತಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಯಾವ ಪ್ರವಾಸೋದ್ಯಮ ಇಲಾಖೆ ಇತ್ತು ಮೇಷ್ಟ್ರೇ?

ಆ ರೊಟ್ಟಿಯನ್ನು ಮನೆಯಲ್ಲಿ ಮಾಡುವ ಬಗೆಯನ್ನೂ ಕೇಳಿ, ಏಕೆಂದರೆ ಅಡುಗೆಯೇ ಗೊತ್ತಿಲ್ಲದ ಜನ ಎಂದು ಬರೆದಿದ್ದೀರಿ. ಸಣ್ಣಗೆ ಬೀಸಿದ ಓಟ್ಸ್ ಹಿಟ್ಟು, ಚಿಟಿಕೆ ಉಪ್ಪು, ಒಂದು ಚಮಚ ಕರಗಿಸಿದ ಕೊಬ್ಬು, ಕಲೆಸಲು ಬೇಕಾದಷ್ಟೇ ಬಿಸಿನೀರು. ಈ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಆರಿದರೆ ಬಿರಿಯುತ್ತದೆ. ಕೈಗೆ ಬಿಸಿ ತಾಗುತ್ತಿರುವಾಗಲೇ ನಾದಿ, ಒಣಹಿಟ್ಟು ಉದುರಿಸಿ, ಅಂಚು ಒಡೆಯದಂತೆ ಒಂದು ಕೈಯಲ್ಲಿ ಒತ್ತಿ ಹಿಡಿಯುತ್ತ ಇನ್ನೊಂದರಲ್ಲಿ ಲಟ್ಟಿಸಬೇಕು. ದುಂಡಗಿನ ರೊಟ್ಟಿಯನ್ನು ನಾಲ್ಕಾಗಿ ಕತ್ತರಿಸಿ ಕಬ್ಬಿಣದ ಕಾವಲಿಯ ಮೇಲಿಟ್ಟರೆ ಬೇಯುತ್ತ ಬೇಯುತ್ತ ಮೂಲೆಗಳು ಮೇಲೇಳುತ್ತವೆ. ಆಮೇಲೆ ತುಂಡುಗಳನ್ನು ಒಲೆಯ ಎದುರು ನಿಲ್ಲಿಸಿ ಇನ್ನೊಂದು ಮಗ್ಗುಲನ್ನು ಗರಿಗರಿಯಾಗಿಸುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ರಾಗಿ ರೊಟ್ಟಿ ತಟ್ಟುವ ಯಾವ ಹೆಂಗಸಿಗಾದರೂ ಇದನ್ನು ಹೇಳಿ ನೋಡಿ, ಅವರು ನಗುವುದಿಲ್ಲ. ಹಿಟ್ಟಿನ ಹದ ಕೇಳುತ್ತಾರೆ. ಇನ್ನು ನೀವು ಬೆಳಿಗ್ಗೆ ಮುಖ ಕಿವುಚಿಕೊಂಡು ಕುಡಿಯುವುದು ಹಬೆಯಲ್ಲಿ ಬೇಯಿಸಿ ರೋಲರಿನಲ್ಲಿ ಚಪ್ಪಟೆ ಮಾಡಿ ಪೊಟ್ಟಣಕ್ಕೆ ತುಂಬಿದ ಕಾರ್ಖಾನೆಯ ಮಾಲು. ಅದನ್ನು ಕುಡಿದು ಆ ಧಾನ್ಯದ ಯೋಗ್ಯತೆ ಅಳೆದೆ ಎನ್ನಬೇಡಿ.

ಹೀಗಳೆದವರಲ್ಲಿ ನೀವು ಮೊದಲಿಗರಲ್ಲ, ಆ ಸಮಾಧಾನ ನಿಮಗಿರಲಿ. 1755ರ ತನ್ನ ನಿಘಂಟಿನಲ್ಲಿ ಸ್ಯಾಮುಯೆಲ್ ಜಾನ್ಸನ್, ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನರನ್ನು ಸಾಕುವ ಧಾನ್ಯ ಎಂದು ಓಟ್ಸಿನ ಅರ್ಥ ಬರೆದ. ಅವನ ಆರು ಜನ ಸಹಾಯಕರಲ್ಲಿ ಐವರು ಸ್ಕಾಟರು! ಆ ಸಾಲನ್ನು ಪ್ರತಿ ಮಾಡಿದವನ ಮುಖ ನೋಡಬೇಕಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ. ಅದಕ್ಕೇ ಇಂಗ್ಲೆಂಡಿನಲ್ಲಿ ಕುದುರೆಗಳು ಚೆನ್ನ, ಸ್ಕಾಟ್ಲೆಂಡಿನಲ್ಲಿ ಮನುಷ್ಯರು ಚೆನ್ನ ಎಂದು ಸ್ಕಾಟರು ತಿರುಗೇಟು ಕೊಟ್ಟರು. ಕುತೂಹಲದ ಸಂಗತಿ ಬೇರೆಯೇ ಇದೆ. 1773ರಲ್ಲಿ ಇದೇ ಜಾನ್ಸನ್ ಗೆಳೆಯ ಬಾಸ್ವೆಲ್ ಜೊತೆ ಸ್ಕಾಟ್ಲೆಂಡ್ ಸುತ್ತಿದ. ಅಬರ್ಡೀನಿನಲ್ಲಿ ಬಾರ್ಲಿ, ಬಟಾಣಿ ಹಾಕಿದ ಅಲ್ಲಿನ ಸಾರನ್ನು ತಟ್ಟೆಯ ಮೇಲೆ ತಟ್ಟೆ ಹಾಕಿಸಿಕೊಂಡ. ಇದನ್ನು ಹಿಂದೆಂದೂ ತಿಂದಿರಲಿಲ್ಲವೇ ಎಂದು ಬಾಸ್ವೆಲ್ ಕೇಳಿದ್ದಕ್ಕೆ, ಇಲ್ಲ, ಆದರೆ ಮತ್ತೆ ಎಷ್ಟು ಬೇಗ ಸಿಕ್ಕರೂ ಬೇಡವೆನ್ನುವುದಿಲ್ಲ ಎಂದನಂತೆ. ಊಟದ ರಸಿಕನಾದವನು ರಾತ್ರಿ ಎಲ್ಲೇ ಉಂಡಿರಲಿ, ಬೆಳಗಿನ ತಿಂಡಿಗೆ ಮಾತ್ರ ಸ್ಕಾಟ್ಲೆಂಡಿಗೆ ಬರಬೇಕು ಎಂದು ಆಮೇಲೆ ಬರೆದ. ನಿಘಂಟು ಬರೆಯುವಾಗ ಇದ್ದ ಹಮ್ಮು ಊಟಕ್ಕೆ ಕುಳಿತಾಗ ಉಳಿಯಲಿಲ್ಲ.

ಸ್ಕಾಟರೇ ತಮ್ಮ ಧಾನ್ಯವನ್ನು ಕೀಳಾಗಿ ಕಂಡದ್ದೂ ಉಂಟು. ಅರ್ಥಶಾಸ್ತ್ರದ ಪಿತಾಮಹ ಎನ್ನಿಸಿಕೊಂಡ ಆಡಂ ಸ್ಮಿತ್ ಅಪ್ಪಟ ಸ್ಕಾಟ್. ಅವನು 1776ರಲ್ಲಿ, ಓಟ್ಸ್ ತಿನ್ನುವ ತನ್ನ ನಾಡಿನ ಬಡವರು ಗೋಧಿ ತಿನ್ನುವ ಇಂಗ್ಲಿಷ್ ಬಡವರಷ್ಟು ಗಟ್ಟಿಯೂ ಅಲ್ಲ, ಚೆಲುವರೂ ಅಲ್ಲ ಎಂದು ಬರೆದ. ಓದಿದವರಿಗೆ ತಮ್ಮ ಮನೆಯ ತಟ್ಟೆಯ ಬಗ್ಗೆ ಬರುವ ಈ ನಾಚಿಕೆಗೆ ದೇಶಭೇದವಿಲ್ಲ. ಕನಕದಾಸರು ರಾಮನ ಸಭೆಯಲ್ಲಿ ಭತ್ತ ರಾಗಿಗಳ ಜಗಳ ಹೂಡಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ರಾಗಿಯನ್ನು ಗೆಲ್ಲಿಸಬೇಕಾಗಿ ಬಂದದ್ದು ಏಕೆ ಎಂಬುದನ್ನು ತುಮಕೂರಿನ ಮೇಷ್ಟರಿಗೆ ನಾನು ವಿವರಿಸಬೇಕಾಗಿಲ್ಲ.

ಅದೇ ಧಾನ್ಯ ಓದಿಸಿತು ಕೂಡ. ಸ್ಕಾಟ್ಲೆಂಡಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ನಡುವೆ ಒಂದು ಸೋಮವಾರ ರಜೆಯಿರುತ್ತಿತ್ತು. ಬಡ ವಿದ್ಯಾರ್ಥಿಗಳು ಊರಿಗೆ ಹೋಗಿ ತಿಂಗಳುಗಟ್ಟಲೆ ಸಾಕಾಗುವ ಓಟ್ಸ್ ಹಿಟ್ಟಿನ ಚೀಲ ಹೊತ್ತು ತರಲೆಂದು ಆ ರಜೆ ಎಂಬುದು ಅಲ್ಲಿನ ನಂಬಿಕೆ. ಈಶಾನ್ಯದ ಹೊಲಗಳಲ್ಲಿ ದುಡಿಯುತ್ತಿದ್ದ ಆಳುಗಳಿಗೆ ಕೂಲಿಯ ಒಂದು ಪಾಲು ಹಿಟ್ಟು ಹಾಲಿನ ರೂಪದಲ್ಲೇ ಸಿಗುತ್ತಿತ್ತು. ಅವರು ಬಟ್ಟಲಿಗೆ ಹಿಟ್ಟು ಉಪ್ಪು ಹಾಕಿ, ಮೇಲೆ ಕುದಿನೀರು ಸುರಿದು, ಚಮಚದ ಹಿಡಿಯಿಂದ ಕಲಕಿ ತಿನ್ನುತ್ತಿದ್ದರು. ಬೆಳಿಗ್ಗೆಯೂ ಅದೇ, ರಾತ್ರಿಯೂ ಅದೇ. ರುಚಿಯಾಗಿತ್ತು ಎಂದು ನಾನು ಹೇಳುತ್ತಿಲ್ಲ. ನಾಡೊಂದರ ಊಟ ಎಂದು ಯಾವುದನ್ನಾದರೂ ಕರೆಯುವುದಾದರೆ ಅದು ಈ ಬಟ್ಟಲು ಎನ್ನುತ್ತಿದ್ದೇನೆ. 1801ರಲ್ಲಿ ಕವಿ ರಾಬರ್ಟ್ ಬರ್ನ್ಸ್ ತೀರಿಕೊಂಡು ಐದು ವರ್ಷವಾದಾಗ, ಅಲೋವೆಯಲ್ಲಿ ಅವನು ಹುಟ್ಟಿದ ಮನೆಯಲ್ಲಿ ಒಂಬತ್ತು ಜನ ಗೆಳೆಯರು ಸೇರಿ ಅವನ ಹೆಸರಿನಲ್ಲಿ ಹ್ಯಾಗಿಸ್ ತಿಂದರು. ಅಲ್ಲಿಂದ ಶುರುವಾದ ಕೂಟಗಳಲ್ಲಿ ಬಹುಕಾಲ ಗಂಡಸರು ಕುಳಿತು ಭಾಷಣ ಮಾಡಿದರು, ಹ್ಯಾಗಿಸ್ ಮೇಲೆ ಅವನು ಬರೆದ ಪದ್ಯ ಓದಿ ಅದಕ್ಕೆ ಚೂರಿ ಹಾಕಿದರು. ಅದನ್ನು ತೊಳೆದು, ತುಂಬಿ, ಹೊಲಿದು, ಗಂಟೆಗಟ್ಟಲೆ ಬೇಯಿಸಿದವರ ಹೆಸರು ಯಾವ ವರದಿಯಲ್ಲೂ ಕಾಣುವುದಿಲ್ಲ.

ಹೆಸರು ಎಂದಾಗ ಕ್ರಿಶ್ಚಿಯನ್ ಇಸೊಬೆಲ್ ಜಾನ್‌ಸ್ಟನ್ ನೆನಪಾಗುತ್ತಾರೆ. ಎಡಿನ್‌ಬರೋದ ಪತ್ರಿಕೆಯೊಂದನ್ನು ವರ್ಷಗಟ್ಟಲೆ ಸಂಪಾದಿಸಿದ ಹೆಣ್ಣುಮಗಳು, ಹಾಗಾಗಿ ನನಗೆ ಅವರ ಮೇಲೆ ವೃತ್ತಿಬಾಂಧವ್ಯವಿದೆ. 1826ರಲ್ಲಿ ಸ್ಕಾಟರ ಅಡುಗೆಗಳನ್ನು ಒಟ್ಟುಮಾಡಿ ಪುಸ್ತಕ ತಂದಾಗ ಅವರು ತಮ್ಮ ಹೆಸರು ಹಾಕಲಿಲ್ಲ. ವಾಲ್ಟರ್ ಸ್ಕಾಟನ ಕಾದಂಬರಿಯೊಂದರ ಬಾಯಿಬಡುಕಿ ಛತ್ರದೊಡತಿಯ ಹೆಸರಿನಲ್ಲಿ ಬರೆದರು. ಪುಸ್ತಕ ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು. ಸುಮಾರು ನೂರು ವರ್ಷದ ಮೇಲೆ, 1929ರಲ್ಲಿ, ಅದರಿಂದ ಧಾರಾಳವಾಗಿ ತೆಗೆದುಕೊಂಡು ಇನ್ನೊಂದು ದೊಡ್ಡ ಸಂಗ್ರಹ ಮಾಡಿದವರು ಆರ್ಕ್ನಿ ದ್ವೀಪದ ಎಫ್. ಮೇರಿಯನ್ ಮ್ಯಾಕ್‌ನೀಲ್. ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದವರು, ಸ್ಕಾಟ್ಲೆಂಡಿನ ರಾಷ್ಟ್ರೀಯ ಚಳವಳಿಯಲ್ಲಿದ್ದವರು. ಡಬ್ಬಿಯ ಆಹಾರ ಊರೂರಿಗೆ ನುಗ್ಗುತ್ತಿದ್ದ ಕಾಲದಲ್ಲಿ ಅವರು ರೊಟ್ಟಿ, ಗಂಜಿ, ಮೀನಿನ ಸಾರುಗಳನ್ನು ಅವುಗಳ ಹಬ್ಬ, ಗಾದೆ, ನಂಬಿಕೆಗಳ ಸಮೇತ ದಾಖಲಿಸಿದರು. ಅದು ಅವರಿಗೆ ಅಡುಗೆಮನೆಯ ಹವ್ಯಾಸವಾಗಿರಲಿಲ್ಲ, ರಾಜಕೀಯವಾಗಿತ್ತು.

ಭಾಷೆಯಿಂದ ರಾಷ್ಟ್ರ ಎಂದಿರಿ. ಸ್ಕಾಟ್ಲೆಂಡಿನಲ್ಲಿ ಅಲ್ಲಿನ ಹಳೆಯ ಭಾಷೆಯಾದ ಗೇಲಿಕ್ ಅನ್ನು ಇಂದು ಆಡಬಲ್ಲವರು ನೂರಕ್ಕೆ ಇಬ್ಬರೂ ಇಲ್ಲ. ನಿಮ್ಮ ಲೆಕ್ಕದಲ್ಲಿ ಆ ನಾಡು ಎಂದೋ ಕರಗಿಹೋಗಬೇಕಿತ್ತು. 1707ರಲ್ಲಿ ಇಂಗ್ಲೆಂಡಿನೊಡನೆ ಒಂದಾಗಿ ಪಾರ್ಲಿಮೆಂಟನ್ನೂ ಕಳೆದುಕೊಂಡಿತು, 1999ರವರೆಗೆ ತನ್ನದೆಂಬ ಸಭೆಯಿರಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಬೇರೆ ದೇಶವಾಗಬೇಕೇ ಎಂದು ಕೇಳಿದಾಗ ನೂರಕ್ಕೆ 55 ಜನ ಬೇಡ ಎಂದರು. ಹಾಗೆ ಬೇಡವೆಂದವರೂ ಬರ್ನ್ಸ್ ಹುಟ್ಟಿದ ದಿನವಾದ ಜನವರಿ 25ರಂದು ಹ್ಯಾಗಿಸ್ ಕತ್ತರಿಸುತ್ತಾರೆ. ಅರ್ಬ್ರೋತ್ ಪಟ್ಟಣವನ್ನೇ ತೆಗೆದುಕೊಳ್ಳಿ: ಇಂಗ್ಲಿಷರಿಗೆ ತಲೆಬಾಗುವುದಿಲ್ಲ ಎಂದು 1320ರಲ್ಲಿ ಪೋಪನಿಗೆ ಪತ್ರ ಹೋದದ್ದು ಅಲ್ಲಿಂದ. ಹ್ಯಾಡಕ್ ಮೀನನ್ನು ಜೋಡಿಜೋಡಿಯಾಗಿ ಬಾಲಕ್ಕೆ ಕಟ್ಟಿ, ಕಟ್ಟಿಗೆಯ ಹೊಗೆಯಲ್ಲಿ ಬೇಯಿಸುವ ಪದ್ಧತಿಗೆ 2004ರಲ್ಲಿ ಯುರೋಪಿನ ಭೌಗೋಳಿಕ ರಕ್ಷಣೆ ಸಿಕ್ಕಿದ್ದೂ ಅಲ್ಲಿಗೆ. ಪತ್ರವನ್ನು ಇತಿಹಾಸದ ಮೇಷ್ಟರುಗಳು ಓದುತ್ತಾರೆ, ಮೀನನ್ನು ಊರು ತಿನ್ನುತ್ತದೆ. ಹೊಸಬರ ಪಾಲೂ ಇದೆ. ಚಿಕನ್ ಟಿಕ್ಕಾ ಮಸಾಲ ಗ್ಲಾಸ್ಗೋದ ಪಾಕಿಸ್ತಾನಿ ಮೂಲದ ಹೋಟೆಲಿನಲ್ಲಿ ಹುಟ್ಟಿತೆಂದು 2009ರಲ್ಲಿ ಅಲ್ಲಿನ ಸಂಸದರೊಬ್ಬರು ಇಂಥದೇ ರಕ್ಷಣೆ ಕೇಳಿದ್ದರು. ಸಿಗಲಿಲ್ಲ, ಕೇಳಿದ್ದೇ ನನಗೆ ಇಷ್ಟವಾಯಿತು.

ನಿಮ್ಮ ಸಾಹಿತ್ಯಪ್ರೀತಿಗೆ ಒಂದು ಮಾತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುತ್ತ, ನಮ್ಮ ಶಾಸನ, ಕೈಫಿಯತ್ತು, ಓಲೆಗರಿಗಳನ್ನು ರಾಶಿ ಹಾಕಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನಲ್ಲಿ. ನೀವು ಪಾಠ ಹೇಳಿದ ಎಷ್ಟೋ ಚರಿತ್ರೆಯ ಹಿಂದೆ ಕುದುರೆಯ ಮೇವು ತಿಂದು ಬೆಳೆದ ಆ ಮನುಷ್ಯನ ಶ್ರಮವಿದೆ. ರಕ್ತ, ಕೊಬ್ಬು, ಈರುಳ್ಳಿಗಳ ಜೊತೆ ಅದೇ ಓಟ್ಸ್ ಸೇರಿಸಿ ಮಾಡುವ ಸ್ಟಾರ್ನೊವೇಯ ಕಪ್ಪು ಪುಡ್ಡಿಂಗಿಗೂ 2013ರಲ್ಲಿ ರಕ್ಷಣೆ ದೊರೆಯಿತು.

ನನ್ನ ಹೊಟ್ಟೆಯುರಿ ಸ್ಕಾಟರದ್ದಲ್ಲ, ನಮ್ಮದು. ನಮ್ಮಲ್ಲಿ ಅಡುಗೆ ಬರೆದವರನ್ನು ಲೇಖಕಿಯರ ಪಟ್ಟಿಯಲ್ಲಿ ಸೇರಿಸುತ್ತಾರೆಯೇ? ಸಾಹಿತ್ಯ ಸಮ್ಮೇಳನದಲ್ಲಿ ಗೋಷ್ಠಿಗಿಂತ ಊಟದ ಸಾಲು ಉದ್ದವಾಗಿರುತ್ತದೆ, ಮರುದಿನದ ಪತ್ರಿಕೆಯಲ್ಲಿ ಹೋಳಿಗೆಯ ವರ್ಣನೆ ಬರುತ್ತದೆ, ಆದರೆ ಅಡುಗೆಯ ಮೇಲೆ ಒಂದು ಗೋಷ್ಠಿ ಇಡಿ ಎಂದರೆ ಸಮಿತಿಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮಲೆನಾಡಿನ ಹಿರಿಯರೊಬ್ಬರು ಮಳೆಗಾಲದ ಸೊಪ್ಪು, ಕಳಲೆ, ಕೆಸುವಿನ ಅಡುಗೆಗಳನ್ನು ದಪ್ಪ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ನಾನೇ ಪ್ರಕಾಶಕರೊಬ್ಬರಿಗೆ ತೋರಿಸಿದೆ. ಪನೀರಿನ ಕೆಲವು ಬಗೆ ಸೇರಿಸಿದರೆ ನೋಡೋಣ ಎಂಬ ಉತ್ತರ ಬಂತು. ನೋಟುಪುಸ್ತಕ ಅವರ ಮನೆಗೆ ವಾಪಸಾಯಿತು, ಮುಂದೆ ಏನಾಯಿತೋ. ಮುದ್ದೆಯನ್ನು ಬಡವರ ಊಟವೆಂದು ಮೂಲೆಗೆ ತಳ್ಳಿದ್ದವರೇ ಈಗ ಸಿರಿಧಾನ್ಯ ಮೇಳಗಳಲ್ಲಿ ರಿಬ್ಬನ್ ಕತ್ತರಿಸುತ್ತಾರೆ. ಮ್ಯಾಕ್‌ನೀಲ್ ಅವರಂಥ ಒಬ್ಬರು ನಮ್ಮ ಜಿಲ್ಲೆಗೊಬ್ಬರಂತೆ ಬೇಕಿತ್ತು. ನಿಮ್ಮ ಕೈಬರಹ ಚೆನ್ನಾಗಿದೆ, ಬಿಡುವೂ ಇದೆ. ಸ್ಕಾಟರನ್ನು ನಗುವ ಬದಲು ನಿಮ್ಮ ಮನೆಯ ಹಿರಿಯ ಹೆಂಗಸರ ಹುಳಿಹಿಟ್ಟು, ಉಪ್ಸಾರುಗಳನ್ನು ಬರೆದು ಕಳಿಸಿ. ಮಹಿಳಾ ಪುಟದಲ್ಲಲ್ಲ, ಮುಂದಿನ ಪುಟಗಳಲ್ಲೇ ಹಾಕುತ್ತೇನೆ.

ಇನ್ನು ಕೊನೆಯ ಪ್ರಶ್ನೆ. ನಿಮ್ಮ ಮಗಳು ಏಮಾರಿಸುತ್ತಿಲ್ಲ. ಎಡಿನ್‌ಬರೋದ ಮ್ಯಾಕ್‌ಸ್ವೀನ್ ಎಂಬ ಮಾಂಸದಂಗಡಿಯವರು 1984ರಲ್ಲಿ ಸಸ್ಯಾಹಾರಿ ಹ್ಯಾಗಿಸ್ ತಯಾರಿಸಿದರು, ಅದೂ ಅಲ್ಲಿನ ಕಾವ್ಯ ಗ್ರಂಥಾಲಯದ ಉದ್ಘಾಟನೆಗೆಂದು. ಕಾಳು, ಬೇಳೆ, ತರಕಾರಿ, ಬೀಜಗಳ ಜೊತೆಗೆ ಓಟ್ಸ್ ಇರುತ್ತದೆ. ನೀವು ಈರುಳ್ಳಿ ಬಿಟ್ಟವರಾದರೆ ಮಾತ್ರ ಕೊಳ್ಳುವ ಮುನ್ನ ಪೊಟ್ಟಣದ ಮೇಲಿನ ಪಟ್ಟಿ ಓದಿಕೊಳ್ಳಲು ಮಗಳಿಗೆ ಹೇಳಿ.