ಸಂಪಾದಕರ ಉತ್ತರ: ಮುಂದಿನ ಸಾಲಿನಲ್ಲಿ ಹಾಡು ಯಾಕೆ ಕೇಳುವುದಿಲ್ಲ

ಪ್ರಿಯ ಓದುಗರಿಗೆ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುತ್ತಿಲ್ಲ. ಉಳಿದವರಿಗೆ ತಿಳಿಯಲೆಂದು ನಿಮ್ಮ ಆರು ಪುಟಗಳನ್ನು ಇಲ್ಲಿ ಚಿಕ್ಕದು ಮಾಡುತ್ತೇವೆ. ಸಣ್ಣ ಹಾಲಿನಲ್ಲಿ ಸ್ಥಳೀಯ ಸ್ಕಾ (ಜಮೈಕಾದಲ್ಲಿ ಹುಟ್ಟಿದ ಕುಣಿತದ ಸಂಗೀತ) ಬ್ಯಾಂಡಿನ ಕಾರ್ಯಕ್ರಮ. ವೇದಿಕೆಯ ಮೇಲೆ ಒಂಬತ್ತು ಮಂದಿ, ಕೆಳಗೆ ಇನ್ನೂರು. ನೀವು ಬಾಗಿಲು ತೆರೆದ ಕೂಡಲೇ ಒಳಹೊಕ್ಕು ವೇದಿಕೆಗೆ ಒತ್ತಿ ನಿಂತಿರಿ. ಟ್ರಂಪೆಟ್ ಕಿವಿ ಕೊರೆಯಿತು, ಸ್ಯಾಕ್ಸೊಫೋನ್ ಕೇಳಲೇ ಇಲ್ಲ, ಹಾಡಿನ ಒಂದು ಮಾತೂ ತಿಳಿಯಲಿಲ್ಲ. ಮೊದಲೆರಡು ಹಾಡು ಅಪಶ್ರುತಿ. ಕುಣಿಯಲು ಹೋದರೆ ಹೆಜ್ಜೆ ಕೂರಲಿಲ್ಲ, ನೂಕಾಟದಲ್ಲಿ ಬಿದ್ದಿರಿ, ಎರಡು ದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಕೊನೆಗೆ ಕೇಳಿದ್ದು: 'ಬ್ಯಾಂಡಿಗೆ ನುಡಿಸಲು ಬರುವುದಿಲ್ಲವೋ, ನನಗೆ ಕೇಳಲು ಬರುವುದಿಲ್ಲವೋ?'

ಎರಡೂ ಅಲ್ಲ. ನೀವು ನಿಂತ ಜಾಗ ಸರಿಯಿರಲಿಲ್ಲ.

ಮುಖ್ಯ ಸ್ಪೀಕರುಗಳು ವೇದಿಕೆಯ ಎರಡು ತುದಿಯಲ್ಲಿ, ಹಾಲಿನ ಕಡೆ ಮುಖ ಮಾಡಿ ನಿಂತಿರುತ್ತವೆ. ವೇದಿಕೆಗೆ ಅಂಟಿ ನಡುವೆ ನಿಂತವರ ಎರಡೂ ಪಕ್ಕದಿಂದ ಆ ಸದ್ದು ಹಾದುಹೋಗುತ್ತದೆ, ಅವರ ಕಿವಿಗೆ ನೇರವಾಗಿ ಬೀಳುವುದಿಲ್ಲ. ಗಾಯಕರ ದನಿ ಬರುವುದು ಹೆಚ್ಚುಕಮ್ಮಿ ಆ ಸ್ಪೀಕರಿನಿಂದ ಮಾತ್ರ, ಹಾಗಾಗಿ ಮುಂದಿನ ಸಾಲಿಗೆ ಸಾಹಿತ್ಯ ದಕ್ಕುವುದಿಲ್ಲ. ಅಲ್ಲಿ ಸಿಗುವುದು ಮೈಕಿಲ್ಲದೆಯೂ ಜೋರಾಗಿರುವ ಮೂರು: ಸ್ನೇರ್ ಡ್ರಮ್, ಗಿಟಾರಿನ ಆಂಪ್ಲಿಫೈಯರ್, ಟ್ರಂಪೆಟ್. ಟ್ರಂಪೆಟ್ಟಿನ ತಾರದ ಸದ್ದು ಅದರ ಬಾಯಿ ತಿರುಗಿದ ದಿಕ್ಕಿಗೇ ಟಾರ್ಚಿನ ಬೆಳಕಿನಂತೆ ಹೊರಡುತ್ತದೆ. ಆ ಗೆರೆಯಲ್ಲಿ ನಿಂತವರಿಗೆ ಕೊರೆತ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೇ ವಾದ್ಯ ಮೆತ್ತಗಾಗುತ್ತದೆ. ಸ್ಯಾಕ್ಸೊಫೋನಿನದು ಬೇರೆ ಕಥೆ. ಅದರ ನಾದ ಬಾಯಿಯಿಂದಷ್ಟೇ ಅಲ್ಲ, ಕೊಳವೆಯುದ್ದಕ್ಕೂ ತೆರೆದಿರುವ ರಂಧ್ರಗಳಿಂದಲೂ ಚದುರಿ ಬರುತ್ತದೆ. ಮೈಕಿನ ನೆರವಿಲ್ಲದೆ ಅದು ಗುಂಪಿನಲ್ಲಿ ಮುಳುಗುವುದು ಖಂಡಿತ.

ಹಾಗಾದರೆ ಮೈಕ್ ಕೊಡಬಾರದಿತ್ತೇ ಎಂದು ಕೇಳುತ್ತೀರಿ. ಲೆಕ್ಕ ಹಾಕಿ ನೋಡಿ. ಡ್ರಮ್ಸಿಗೆ 4ರಿಂದ 8 ಮೈಕು, ಬಾಸಿಗೆ 1, ಗಿಟಾರಿಗೆ 1 ಅಥವಾ 2, ಕೀಬೋರ್ಡಿಗೆ 2, ಊದುವವರಿಗೆ 3, ಹಾಡುವವರಿಗೆ 3. ಕಡಿಮೆಯೆಂದರೆ 14 ಚಾನೆಲ್ (ಸದ್ದು ಒಳಬರುವ ದಾರಿ), ಧಾರಾಳವಾಗಿ ಹೋದರೆ 19. ಸಣ್ಣ ಹಾಲಿನ ಮಿಕ್ಸರಿನ (ಎಲ್ಲ ಸದ್ದನ್ನೂ ಬೆರೆಸಿ ಹೊಂದಿಸುವ ಯಂತ್ರದ) ಮೇಲೆ 16 ಎಂದು ಬರೆದಿದ್ದರೂ ಮೈಕ್ ಸಿಕ್ಕಿಸುವ ತೂತು ಎಷ್ಟೋ ಸಲ ಹತ್ತೇ ಇರುತ್ತವೆ. ನಾಲ್ಕು ಮಂದಿಯ ರಾಕ್ ಬ್ಯಾಂಡಿಗೆ ಅದು ಸಾಕು. ಸ್ಕಾ ಬ್ಯಾಂಡ್ ಬಂದಾಗ ಮೊದಲು ಕತ್ತರಿ ಬೀಳುವುದು ಊದುವವರಿಗೆ: ಮೂವರಿಗೆ ಒಂದೋ ಎರಡೋ ಮೈಕು. ಟ್ರಾಂಬೋನಿನ ಸ್ಲೈಡ್ (ಜಾರುವ ಕೊಳವೆ) ಮುಂದಕ್ಕೆ ಚಾಚುವುದರಿಂದ ಅದರ ಮೈಕನ್ನು ಹಂಚಿಕೊಳ್ಳುವುದು ಕಷ್ಟ. ಟ್ರಂಪೆಟ್ಟೂ ಸ್ಯಾಕ್ಸೂ ಒಂದೇ ಮೈಕಿಗೆ ಊದಿದರೆ ಗೆಲ್ಲುವುದು ಟ್ರಂಪೆಟ್ಟೇ. ಆ ಮೈಕನ್ನು ಏರಿಸಿದರೆ ಮೊದಲೇ ಜೋರಾಗಿದ್ದದ್ದು ಇನ್ನೂ ಜೋರಾಗುತ್ತದೆ. ಎರಡು ಬ್ಯಾಂಡುಗಳ ನಡುವೆ ಅರ್ಧ ಗಂಟೆ ಕಾಯಿಸಿದರು ಎಂಬ ನಿಮ್ಮ ದೂರಿಗೂ ಇದೇ ಉತ್ತರ: ಒಂಬತ್ತು ಮಂದಿಯ ವೈರು ಬಿಚ್ಚಿ ಕಟ್ಟಲು, ಒಂದೊಂದೇ ಮೈಕ್ ಪರೀಕ್ಷಿಸಲು ಅಷ್ಟು ಹೊತ್ತು ಬೇಕು.

ಎಲ್ಲಿ ನಿಲ್ಲಬೇಕು? ಎರಡು ಸ್ಪೀಕರುಗಳ ನಡುವಿನ ದೂರವನ್ನು ಕಣ್ಣಳತೆಯಲ್ಲಿ ಹಿಡಿಯಿರಿ. ವೇದಿಕೆಯಿಂದ ಅಷ್ಟೇ ದೂರ, ಬೇಕಾದರೆ ಅದರ ಒಂದೂವರೆ ಪಟ್ಟು, ಹಿಂದಕ್ಕೆ ಬನ್ನಿ. ಮಿಕ್ಸರ್ ಇರುವ ಕಡೆಗೆ ಸ್ವಲ್ಪ ವಾಲಿ ನಿಲ್ಲಿ. ಧ್ವನಿ ನೋಡಿಕೊಳ್ಳುವವರು ಹೊಂದಿಸುವುದು ತಮ್ಮ ಕಿವಿಗೆ ಬೀಳುವ ಸದ್ದನ್ನೇ. ಗೋಡೆ, ಮೂಲೆ, ಬಾಲ್ಕನಿಯ ಕೆಳಗು ಬೇಡ. ಬಾಸ್ ಗಿಟಾರಿನ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಸೆಕೆಂಡಿಗೆ 41 ಕಂಪನ, ಅಲೆಯ ಉದ್ದ ಎಂಟು ಮೀಟರಿಗೂ ಮೀರಿದ್ದು. ಅಂಥ ಅಲೆ ಮೂಲೆಯಲ್ಲಿ ಗುಡ್ಡೆಹಾಕಿಕೊಳ್ಳುತ್ತದೆ. ಸ್ಕಾದ ಬಾಸ್ ಒಂದೊಂದು ಪೆಟ್ಟಿಗೆ ಒಂದೊಂದು ಸ್ವರ ಇಡುತ್ತ ನಡೆಯುವಂಥದ್ದು. ಮೂಲೆಯಲ್ಲಿ ಆ ನಡಿಗೆ ಅಳಿಸಿಹೋಗಿ ಬರೀ ಗುಮ್ಮೆನ್ನುವ ಮೊಳಗು ಉಳಿಯುತ್ತದೆ. ಇನ್ನೊಂದು ಮಾತು: ಸ್ಪೀಕರು ತಲೆಗಳಿಗಿಂತ ಎತ್ತರದಲ್ಲಿಲ್ಲದಿದ್ದರೆ ತಾರದ ಸದ್ದನ್ನೆಲ್ಲ ಮುಂದಿನವರ ಮೈಗಳೇ ಹೀರುತ್ತವೆ, ಹಿಂದೆ ನಿಂತವರಿಗೆ ಮಂಕು ಸಂಗೀತ. ಅಂಥ ಹಾಲಿನಲ್ಲಿ ಮಾತ್ರ ಸ್ವಲ್ಪ ಮುಂದೆ ಬರುವುದು ಒಳ್ಳೆಯದು.

ಮೊದಲ ಬ್ಯಾಂಡ್ ನುಡಿಸಿದಾಗ ಎಲ್ಲ ಕಲಸಿಹೋಗಿತ್ತು, ಅದೇ ಹಾಲು ಆಮೇಲೆ ಸರಿಹೋಯಿತು ಎಂದು ಬರೆದಿದ್ದೀರಿ. ಇದು ನಿಮ್ಮ ಪತ್ರದಲ್ಲಿನ ಅತ್ಯುತ್ತಮ ಗಮನಿಕೆ. ಸ್ಕಾದ ಜೀವ ಇರುವುದು ಪೆಟ್ಟುಗಳ ನಡುವಿನ ಎಡೆಯಲ್ಲಿ. ಬಾಯಲ್ಲಿ 'ತಕ ತಕ ತಕ ತಕ' ಎನ್ನಿ. 'ತ' ಬಿದ್ದಲ್ಲಿ ಬಾಸ್ ನಡೆಯುತ್ತದೆ. 'ಕ' ಬಿದ್ದಲ್ಲೆಲ್ಲ ಗಿಟಾರು 'ಚಕ್' ಎಂದು ಮೀಟಿ, ತಕ್ಷಣ ಎಡಗೈ ಬೆರಳು ಸಡಿಲಿಸಿ ತಂತಿಯನ್ನು ಸುಮ್ಮನಾಗಿಸುತ್ತದೆ. ಕೀಬೋರ್ಡೂ ಹಲವು ಸಲ ಅಲ್ಲೇ ಕೂರುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ 'ತ'ದಿಂದ 'ಕ'ಗೆ ಸೆಕೆಂಡಿನ ಕಾಲು ಭಾಗ. 180ರಲ್ಲಿ ಆರನೆಯ ಒಂದು ಭಾಗ. ಖಾಲಿ ಹಾಲಿನ ಬೋಳು ಗೋಡೆಗಳಲ್ಲಿ ಮಾರ್ದನಿ ಒಂದು ಸೆಕೆಂಡಿಗೂ ಮೀರಿ ಉಳಿಯಬಹುದು. ಎಂದರೆ ಒಂದು 'ಚಕ್' ಸಾಯುವ ಮುನ್ನ ಇನ್ನೂ ಎರಡು ಮೂರು ಬಂದು ಅದರ ಮೇಲೆ ಬೀಳುತ್ತವೆ, ಎಡೆಯೇ ಉಳಿಯುವುದಿಲ್ಲ. ಇನ್ನೂರು ಮಂದಿ ಬಂದು ತುಂಬಿದರೆ ಆ ಮಾರ್ದನಿಯನ್ನು ಮೈ, ಬಟ್ಟೆಗಳು ಕುಡಿಯುತ್ತವೆ. ಮೊದಲ ಬ್ಯಾಂಡನ್ನು ಬೈಯುವ ಮುಂಚೆ ಹಾಲಿನಲ್ಲಿ ತಲೆ ಎಣಿಸುವುದು ನ್ಯಾಯ.

ಅಪಶ್ರುತಿಯ ವಿಚಾರದಲ್ಲಿ ನಿಮ್ಮ ಕಿವಿ ಸರಿಯಾಗಿಯೇ ಇದೆ, ತೀರ್ಪು ಮಾತ್ರ ಅವಸರದ್ದು. ಊದುವ ವಾದ್ಯದೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. (100 ಸೆಂಟ್ ಸೇರಿದರೆ ಒಂದು ಅರ್ಧಸ್ವರ.) ತಣ್ಣಗಿನ ಟ್ರಾಂಬೋನು ಇಳಿದ ಶ್ರುತಿಯಲ್ಲಿ ಶುರುವಾಗಿ, ಊದಿದಂತೆ ಏರುತ್ತದೆ. ಗಿಟಾರಿನ ತಂತಿ ದೀಪಗಳ ಬಿಸಿಗೆ ಹಿಗ್ಗಿ ಇಳಿಯುತ್ತದೆ. ಕೀಬೋರ್ಡು ಇದ್ದಲ್ಲೇ ಇರುತ್ತದೆ. ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಒಂದು ಅಲುಗದೆ: ಮೊದಲ ಹಾಡು ಒರಟಾಗಿ ಕೇಳದಿದ್ದರೇ ಆಶ್ಚರ್ಯ. ಪಳಗಿದವರು ವೇದಿಕೆ ಹತ್ತುವ ಮುಂಚೆ ಊದಿ ಬಿಸಿ ಮಾಡಿಕೊಳ್ಳುತ್ತಾರೆ. ತಮ್ಮ ಸರದಿ ಇಲ್ಲದಾಗಲೂ ಸದ್ದಿಲ್ಲದೆ ಕೊಳವೆಗೆ ಉಸಿರು ತುಂಬುತ್ತಿರುತ್ತಾರೆ. ಹಾಡುಗಳ ನಡುವೆ ಶ್ರುತಿ ಹೊಂದಿಸುವ ಟ್ಯೂನಿಂಗ್ ಸ್ಲೈಡನ್ನು ಕೂದಲೆಳೆಯಷ್ಟು ಹೊರಗೆಳೆಯುತ್ತಾರೆ. ಮೂರನೆಯ ಹಾಡಿಗೂ ಶ್ರುತಿ ಕೂಡದಿದ್ದರೆ ಆಗ ನಿಮ್ಮ ಮೊದಲ ಪುಟದ ಕೋಪ ಸಕಾರಣ. ಕೊನೆಕೊನೆಗೆ ತಾರಸ್ವರ ಒಡೆಯುವುದು ಮಾತ್ರ ಬೇರೆಯೇ. ಅದು ಶ್ರುತಿದೋಷವಲ್ಲ, ತುಟಿಯ ಸ್ನಾಯುಗಳ ದಣಿವು.

ಕಿವಿಯ ವಿಷಯದಲ್ಲಿ ನಮ್ಮ ದನಿ ಸ್ವಲ್ಪ ಗಡುಸಾಗುತ್ತದೆ, ಕ್ಷಮಿಸಿ. ಕಾರ್ಖಾನೆಯ ಕೆಲಸಗಾರರಿಗಾಗಿ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿಕೊಟ್ಟ ಲೆಕ್ಕ ಹೀಗಿದೆ: 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಅವಧಿ ಅರ್ಧ. 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಸಂಗೀತದ ಜಾಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಮೇಲ್ಮಿತಿಯೂ 15 ನಿಮಿಷದ ಸರಾಸರಿಯಲ್ಲಿ 100. ಸಣ್ಣ ಹಾಲಿನ ಮುಂದಿನ ಸಾಲು ಆ ಗೆರೆ ದಾಟುವುದು ಸುಲಭ. ಗುಂಯ್‌ಗುಡುವಿಕೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಅದಕ್ಕೂ ಮೀರಿದರೆ ವೈದ್ಯರಿಗೆ ತೋರಿಸಿ. ಒಂದೇ ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಒಂದು ದಿನವೂ ಕಾಯಬೇಡಿ.

ಪರಿಹಾರ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದು. ಫೋಮ್ ಇಯರ್‌ಪ್ಲಗ್ ಅಗ್ಗ, ಆದರೆ ಅದು ತಾರದ ಸದ್ದನ್ನೇ ಹೆಚ್ಚು ನುಂಗುತ್ತದೆ. ಊದುವವರೆಲ್ಲ ಕಂಬಳಿ ಹೊದ್ದು ಊದಿದಂತಾಗುತ್ತದೆ. ಸಂಗೀತಗಾರರಿಗೆಂದು ಮಾಡಿದ, ಫಿಲ್ಟರ್ ಇರುವ 15 ಡೆಸಿಬೆಲ್ಲಿನವು ಎಲ್ಲವನ್ನೂ ಬಹುಮಟ್ಟಿಗೆ ಒಂದೇ ಸಮ ತಗ್ಗಿಸುತ್ತವೆ. 103ರ ಹಾಲಿನಲ್ಲಿ ಅವು ಸರಿಯಾಗಿ ಕೂತರೆ ಕಿವಿಗೆ 88, ಎಂದರೆ 4 ಗಂಟೆಯ ಅವಕಾಶ. ಫೋಮೇ ಆದರೆ ಎರಡು ಬೆರಳಿನಲ್ಲಿ ಬತ್ತಿಯಂತೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಡಿ, 30 ಸೆಕೆಂಡು ಒತ್ತಿ ಹಿಡಿಯಿರಿ. ನಿಮ್ಮ ದನಿ ನಿಮಗೇ ಕೊಡದೊಳಗಿನಿಂದ ಬಂದಂತೆ ಕೇಳಿದರೆ ಕೂತಿದೆ ಎಂದರ್ಥ. ಬಹುಪಾಲು ಜನ ಸೋಲುವುದು ಈ ಕೂರಿಸುವುದರಲ್ಲೇ. ಮೊದಲ ಹಾಡಿಗೆ ಮುನ್ನ ಹಾಕಬೇಕು. ನೋವಾದ ಮೇಲೆ ಹಾಕಿದರೆ ಪ್ರಯೋಜನ ಅರ್ಧಕ್ಕರ್ಧ.

ಕುಣಿತಕ್ಕೆ ಸ್ಕ್ಯಾಂಕ್ ಎನ್ನುತ್ತಾರೆ. ಮೇಲಿನ 'ತಕ'ವನ್ನೇ ಕಾಲಿಗಿಳಿಸಿದರೆ ಮುಗಿಯಿತು. ಮಂಡಿ ಸ್ವಲ್ಪ ಬಾಗಿರಲಿ, ಭಾರ ಮುಂಗಾಲಿನ ಮೇಲಿರಲಿ. 'ತ'ಕ್ಕೆ ಬಲಗಾಲು ನೆಲಕ್ಕೆ, 'ಕ'ಗೆ ಎಡಮಂಡಿ ಮೇಲಕ್ಕೆ. ಮುಂದಿನ 'ತ'ಕ್ಕೆ ಎಡಗಾಲು ನೆಲಕ್ಕೆ, 'ಕ'ಗೆ ಬಲಮಂಡಿ ಮೇಲಕ್ಕೆ. ಎತ್ತಿದ ಮಂಡಿಯ ಎದುರು ಬದಿಯ ಕೈ ಮುಂದೆ ಬೀಸಲಿ. ನಿಂತಲ್ಲೇ ಓಡಿದ ಹಾಗೆ. ನಿಮ್ಮ ಹೆಜ್ಜೆ ಕೂರದಿದ್ದದ್ದು ಗಿಟಾರನ್ನು ಕೇಳಿ ಅದರ ಮೇಲೇ ಕಾಲಿಟ್ಟದ್ದರಿಂದ. ಕಾಲು ಬಾಸಿನ ಜೊತೆ, ಮಂಡಿ ಗಿಟಾರಿನ ಜೊತೆ ಎಂದಿಟ್ಟುಕೊಳ್ಳಿ. 180 ದಾಟಿದ ಹಾಡಿಗೆ ಎರಡು ಪೆಟ್ಟಿಗೊಂದು ಹೆಜ್ಜೆ ಸಾಕು. ಹಿಮ್ಮಡಿ ಕುಟ್ಟಿದರೆ ಮರುದಿನ ಮೊಣಕಾಲ ಕೆಳಗಿನ ಮುಂಭಾಗ ನೋಯುತ್ತದೆ. ಮೊಣಕೈ ಪಕ್ಕೆಲುಬಿಗೆ ಹತ್ತಿರವಿರಲಿ, ಪಕ್ಕದವರ ಹಲ್ಲಿಗಲ್ಲ.

ಸ್ನೇಹಿತರು 'ಸ್ಕಾ ಎಂದರೆ ವೇಗದ ರೆಗೇ' ಎಂದರಂತೆ. ತಾತನನ್ನು ಮೊಮ್ಮಗನ ಹೆಸರು ಹೇಳಿ ಪರಿಚಯಿಸಿದ ಹಾಗಾಯಿತು. ಸ್ಕಾ ಹುಟ್ಟಿದ್ದು ಜಮೈಕಾದಲ್ಲಿ, 1950ರ ದಶಕದ ಕೊನೆಗೆ. ದೇಶ ಸ್ವತಂತ್ರವಾದ 1962ರ ಹೊತ್ತಿಗೆ ಅದು ಅಲ್ಲಿನ ಬೀದಿಬೀದಿಯ ಸದ್ದು. ಕಿಂಗ್‌ಸ್ಟನ್ನಿನ ಆಲ್ಫಾ ಶಾಲೆಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಆರೈಕೆಯಲ್ಲಿ ವಾದ್ಯ ಕಲಿತ ಹುಡುಗರು ಮುಂದೆ 1964ರಲ್ಲಿ ಸ್ಕಾಟಲೈಟ್ಸ್ ತಂಡದಲ್ಲಿ ಕೂಡಿದರು. ಟ್ರಾಂಬೋನಿನ ಡಾನ್ ಡ್ರಮಂಡ್ ಅವರಲ್ಲೊಬ್ಬರು. 1966ರ ಸುಮಾರಿಗೆ ಲಯ ನಿಧಾನವಾಗಿ ರಾಕ್‌ಸ್ಟೆಡಿ, 1968ರ ಹೊತ್ತಿಗೆ ರೆಗೇ. 1979ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜೆರಿ ಡ್ಯಾಮರ್ಸ್ ಕಟ್ಟಿದ ಟೂ ಟೋನ್ ಧ್ವನಿಮುದ್ರಣ ಸಂಸ್ಥೆ, ಸ್ಪೆಷಲ್ಸ್ ತಂಡ, ಅವರ ಗುರುತಾದ ಕಪ್ಪು-ಬಿಳಿ ಚೌಕಳಿ. 1990ರ ದಶಕದಲ್ಲಿ ಅಮೆರಿಕದ ಪಂಕ್ (ವೇಗದ, ಒರಟು ರಾಕ್) ಬೆರೆತ ಸ್ಕಾ. ಟಿಕೆಟ್ ಕೊಳ್ಳುವಾಗ ಇದು ಬೇಕಾಗುತ್ತದೆ: ಬ್ಯಾಂಡು ಮೊದಲ ಕಾಲದ ಶೈಲಿಯದಾದರೆ ಕುಣಿತ, ಪಂಕ್ ಕಡೆಯದಾದರೆ ವೇದಿಕೆಯ ಮುಂದೆ ನೂಕಾಟದ ಸುತ್ತು ಖಾತ್ರಿ. ನೀವು ಬಿದ್ದದ್ದು ಎರಡನೆಯ ಬಗೆಯದರಲ್ಲಿ.

ಆ ಸುತ್ತಿಗೆ ಇಳಿಯುವವರು ಜನ ತಿರುಗುವ ದಿಕ್ಕಿಗೇ ಇಳಿಯಬೇಕು. ಯಾರಾದರೂ ಬಿದ್ದರೆ ನಿಂತು ಎತ್ತುವುದು ಅಲ್ಲಿನ ಮೊದಲ ಕಟ್ಟಳೆ. ನಿಮ್ಮನ್ನು ಎತ್ತಿದವರು ಯಾರೆಂದು ತಿಳಿಯಲಿಲ್ಲ ಎಂದಿದ್ದೀರಿ, ಅದು ಹಾಗೇ ಇರುತ್ತದೆ. ಮುಚ್ಚಿದ, ಚಪ್ಪಟೆ ಅಟ್ಟೆಯ, ಆಗಲೇ ಪಳಗಿದ ಶೂ. ಲೇಸಿಗೆ ಎರಡು ಗಂಟು. ಕನ್ನಡಕಕ್ಕೆ ಹಿಂದಿನಿಂದ ಪಟ್ಟಿ. ಫೋನು ಜಿಪ್ ಇರುವ ಮುಂಜೇಬಿನಲ್ಲಿ. ನೂಕಾಟ ಬೇರೆ, ಒತ್ತಡ ಬೇರೆ. ಚದರ ಮೀಟರಿಗೆ ಐದಕ್ಕಿಂತ ಹೆಚ್ಚು ಜನ ಸೇರಿ, ಕೈ ಎತ್ತಲೂ ಆಗದೆ ನಾಲ್ಕೂ ಕಡೆ ಮೈ ತಗುಲಿದರೆ ಅದು ಮೋಜಲ್ಲ, ಹೊರಡುವ ಹೊತ್ತು. ಬಾಕ್ಸಿಂಗಿಗೆ ನಿಂತವರಂತೆ ಎರಡು ಕೈಯನ್ನೂ ಎದೆಯ ಮುಂದೆ ಹಿಡಿದು ಉಸಿರಿಗೆ ಜಾಗ ಉಳಿಸಿಕೊಳ್ಳಿ. ಅಲೆ ಬಂದಾಗ ಎದುರಿಸದೆ ಜೊತೆಗೆ ಹೋಗಿ, ಅದು ಇಳಿದ ಗಳಿಗೆಯಲ್ಲಿ ಓರೆಯಾಗಿ ಅಂಚಿನ ಕಡೆ ಸರಿಯಿರಿ. ನೇರ ಹಿಂದಕ್ಕೆ ಹೋಗಲು ನೋಡಿದರೆ ಇಡೀ ಗುಂಪನ್ನು ಸೀಳಬೇಕಾಗುತ್ತದೆ.

ಧ್ವನಿಯವರಿಗೆ ಹೇಳಬಹುದೇ ಎಂದು ಕೇಳಿದ್ದೀರಿ. ಹೇಳಿ, ಆದರೆ ಹಾಡು ಮುಗಿದ ಮೇಲೆ, ಒಂದೇ ಸಲ. 'ಸೌಂಡ್ ಜಾಸ್ತಿ ಮಾಡಿ' ಎಂದರೆ ಅವರು ಕೇಳಿಸಿಕೊಳ್ಳುವುದಿಲ್ಲ. 'ಎಡಗಡೆ ಕಂಬದ ಹತ್ತಿರ ಸ್ಯಾಕ್ಸ್ ಕೇಳುತ್ತಿಲ್ಲ' ಎಂದರೆ ತಲೆ ಎತ್ತಿ ನೋಡುತ್ತಾರೆ.

ಪತ್ರದ ಪ್ರತಿಯನ್ನು ಬ್ಯಾಂಡಿಗೂ ಕಳಿಸಲೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಅಪಶ್ರುತಿಯ ಪುಟ ತೆಗೆದಿಡಿ, ಅದು ಅವರಿಗೆ ಗೊತ್ತಿರುತ್ತದೆ. ಸ್ಯಾಕ್ಸೊಫೋನಿನ ಪುಟ ಖಂಡಿತ ಕಳಿಸಿ. ಮುಂದಿನ ಸಲ ಅವರು ಇನ್ನೊಂದು ಮೈಕ್ ಕೇಳಲು ಅದು ಆಧಾರವಾಗುತ್ತದೆ. ಕಳಿಸುವ ಮುನ್ನ ಹಾಲಿನ ನಕ್ಷೆ ಬರೆದು ನೀವು ನಿಂತ ಜಾಗಕ್ಕೊಂದು ಚುಕ್ಕೆ ಇಡಿ.

— ಸಂಪಾದಕರು