ಹೊಸ ಕಪಾಟಿನ ವಾಸನೆಯೂ ಮೀಟರಿನ ಅಂಕಿಯೂ

ಪ್ರಶ್ನೆ: ಎರಡು ತಿಂಗಳ ಹಿಂದೆ ಮಲಗುವ ಕೋಣೆಗೆ ಪ್ಲೈವುಡ್ ಕಪಾಟು ಮಾಡಿಸಿದೆವು. ವಾಸನೆ ಇನ್ನೂ ಹೋಗಿಲ್ಲ, ಮಗುವಿಗೆ ಕಣ್ಣುರಿ. ಪ್ಲೈವುಡ್ಡಿನ ಅಂಟಿನಿಂದ ಹೊಮ್ಮಿ ಕಣ್ಣುರಿಸುವ ಫಾರ್ಮಾಲ್ಡಿಹೈಡ್ ಎಂಬ ಅನಿಲ ಗಾಳಿಯಲ್ಲಿ ಎಷ್ಟಿದೆಯೆಂದು ತಿಳಿಯಲು ತರಿಸಿದ ಕೈಮೀಟರು ಸಾಮಾನ್ಯವಾಗಿ 0.3 ತೋರಿಸಿದರೆ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡಾಗ 2ನ್ನು ದಾಟುತ್ತದೆ. ಯಾವುದನ್ನು ನಂಬಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡನ್ನೂ ಫಾರ್ಮಾಲ್ಡಿಹೈಡ್‌ನ ಅಳತೆಯೆಂದು ನಂಬಬೇಡಿ. ಕಡಿಮೆ ಬೆಲೆಯ ಮೀಟರುಗಳಲ್ಲಿ ಹೆಚ್ಚಾಗಿ ಇರುವುದು ಬಿಸಿಯಾದ ಲೋಹದ ಆಕ್ಸೈಡ್‌ನ ತೆಳು ಪದರ. ಸುಲಭವಾಗಿ ಉತ್ಕರ್ಷಣೆಗೊಳ್ಳುವ ಯಾವುದೇ ಆವಿ ಅದನ್ನು ತಾಗಿದರೂ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಸ್ಯಾನಿಟೈಸರಿನ ಆಲ್ಕೋಹಾಲಿಗೂ ಕಪಾಟಿನ ಅಂಟಿನಿಂದ ಹೊಮ್ಮುವ ಆವಿಗೂ ಅದು ಭೇದ ಕಾಣದು. ಫಾರ್ಮಾಲ್ಡಿಹೈಡ್‌ಗೆಂದೇ ಮಾಡಿದ ವಿದ್ಯುತ್‌ರಾಸಾಯನಿಕ ಸಂವೇದಕಗಳೂ ಆಲ್ಕೋಹಾಲಿಗೆ ಮೋಸಹೋಗುವುದುಂಟು.

ಕಾರ್ಖಾನೆಗಳಲ್ಲಿ ಬಳಸುವ, ನೇರಳಾತೀತ ದೀಪವಿರುವ ದುಬಾರಿ ಉಪಕರಣವನ್ನು ಬಾಡಿಗೆಗೆ ತರುವ ಯೋಚನೆಯಿದ್ದರೆ ಅದನ್ನೂ ಬಿಡಿ. ಅದು ದೀಪದ ಬೆಳಕಿನಿಂದ ಆವಿಯ ಅಣುಗಳ ಎಲೆಕ್ಟ್ರಾನ್ ಕಿತ್ತು ಆವಿಯನ್ನು ಗುರುತಿಸುತ್ತದೆ. ಅದರ ಸಾಮಾನ್ಯ ದೀಪದ ಬೆಳಕಿನ ಶಕ್ತಿ 10.6 ಎಲೆಕ್ಟ್ರಾನ್ ವೋಲ್ಟ್. ಬೆಂಜೀನ್‌ನಿಂದ ಎಲೆಕ್ಟ್ರಾನ್ ಕೀಳಲು 9.24 ಸಾಕಾಗುವುದರಿಂದ ಅದು ಸಿಕ್ಕಿಬೀಳುತ್ತದೆ. ಫಾರ್ಮಾಲ್ಡಿಹೈಡ್‌ಗೆ ಸುಮಾರು 10.88 ಬೇಕಾಗಿರುವುದರಿಂದ, ಕೋಣೆಯ ತುಂಬ ಅದೇ ಇದ್ದರೂ ಆ ಉಪಕರಣಕ್ಕೆ ಕಾಣಿಸುವುದಿಲ್ಲ.

ನಂಬಲರ್ಹವಾದ ದಾರಿ ಎಂದರೆ ಆವಿಯನ್ನು ಮೊದಲು ಹಿಡಿದು, ಅನಂತರ ಅಳೆಯುವುದು. ಡಿಎನ್‌ಪಿಎಚ್ ಎಂಬ ರಾಸಾಯನಿಕ ಲೇಪಿಸಿದ ಸಿಲಿಕಾ ತುಂಬಿದ ಪುಟ್ಟ ಕೊಳವೆಯ ಮೂಲಕ ಪಂಪಿನಿಂದ ಗಾಳಿಯನ್ನು ಎಳೆದಾಗ, ಫಾರ್ಮಾಲ್ಡಿಹೈಡ್ ಆ ರಾಸಾಯನಿಕದೊಡನೆ ಕೂಡಿ ಸ್ಥಿರವಾದ ಹೊಸ ಸಂಯುಕ್ತವಾಗಿ ಅಲ್ಲಿಯೇ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ದ್ರಾವಕದಿಂದ ತೊಳೆದು ತೆಗೆದು, ದ್ರವ ಕ್ರೊಮಟೋಗ್ರಾಫ್‌ನಲ್ಲಿ ಬೇರ್ಪಡಿಸಿ ಅಳೆಯುತ್ತಾರೆ. ನಿಮಿಷಕ್ಕೆ 1 ಲೀಟರಿನಂತೆ 30 ನಿಮಿಷ ಎಳೆದರೆ 30 ಲೀಟರ್, ಅಂದರೆ 0.03 ಘನ ಮೀಟರ್ ಗಾಳಿ. ಕೊಳವೆಯಲ್ಲಿ 3 ಮೈಕ್ರೋಗ್ರಾಂ ಸಿಕ್ಕಿದರೆ ಸಾಂದ್ರತೆ ಘನ ಮೀಟರಿಗೆ 100 ಮೈಕ್ರೋಗ್ರಾಂ, ಅಂದರೆ 0.1 ಮಿಲಿಗ್ರಾಂ. ಮನೆಯೊಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ 30 ನಿಮಿಷಗಳ ಸರಾಸರಿ ಮಿತಿಯೂ ಅಷ್ಟೇ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದು ಸುಮಾರು 0.08 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಎಷ್ಟು ಭಾಗ ಎಂಬ ಲೆಕ್ಕ), ಮೀಟರಿನ ಅಂಕಿ ಯಾವ ಮಾನದಲ್ಲಿದೆ ಎಂದು ನೋಡದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಇಷ್ಟು ಸಣ್ಣ ಮೊತ್ತವಾದ್ದರಿಂದ ಸಾಗಣೆಯಲ್ಲಿ ಅಂಟಿದ ಕಲ್ಮಷವೂ ಫಲಿತಾಂಶವನ್ನು ಕೆಡಿಸಬಲ್ಲದು. ಗಾಳಿ ಎಳೆಯದ ಖಾಲಿ ಕೊಳವೆಯೊಂದನ್ನು ಜೊತೆಯಲ್ಲೇ ಪರೀಕ್ಷಿಸಿ, ಅದರಲ್ಲಿ ಸಿಕ್ಕಷ್ಟನ್ನು ಕಳೆಯಲು ಪ್ರಯೋಗಾಲಯದವರಿಗೆ ತಪ್ಪದೆ ಹೇಳಿ. ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಹೆಚ್ಚು ಆವಿ ಬಿಡುವುದರಿಂದ, ಅಳತೆಯ ದಿನದ ಉಷ್ಣತೆ, ತೇವಾಂಶ ಮತ್ತು ಕಿಟಕಿಗಳನ್ನು ಮುಚ್ಚಿಟ್ಟಿದ್ದ ಅವಧಿಯನ್ನು ಬರೆದಿಡಿ. ಇವಿಲ್ಲದೆ ಬರಿಯ ಅಂಕಿಗೆ ನಾನು ಬೆಲೆ ಕೊಡಲಾರೆ.

ಮಗುವಿನ ಕಣ್ಣುರಿಗೆ ಮಾತ್ರ ಈ ವರದಿಗಾಗಿ ಕಾಯಬೇಡಿ. ಇಂದೇ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಕಪಾಟಿನ ಬಾಗಿಲುಗಳನ್ನೂ ಕೋಣೆಯ ಕಿಟಕಿಗಳನ್ನೂ ತೆರೆದಿಡಿ, ವೈದ್ಯರಿಗೆ ತೋರಿಸಿ.